ತೆಳುವಾದ ಮೇಲ್ತುಟಿ: ಫಿಲ್ಲರಾ, ಕೊಬ್ಬಾ, ಕತ್ತರಿಯಾ?

ಪ್ರಶ್ನೆ: ಮೇಡಂ, ನನಗ 27 ವರ್ಷ. ಗದಗದಾಗ ಬ್ಯಾಂಕಿನಾಗ ಕೆಲಸ ಮಾಡ್ತೀನಿ. ನನ್ನ ಮ್ಯಾಲಿನ ತುಟಿ ಭಾಳ ತೆಳ್ಳಗ ಐತಿ, ನಕ್ಕರ ಪೂರಾ ಒಳಗ ಹೋಗಿ ವಸಡು ಕಾಣ್ತಾವು. ಫೋಟೊ ತಗೀವಾಗ ಬಾಯಿ ಮುಚ್ಚಿಕೊಂಡ ನಗೋದು ರೂಢಿ ಆಗೇತಿ. ಇನ್ನ ಎರಡೂವರಿ ತಿಂಗಳಿಗೆ ಮದುವಿ. ಹುಬ್ಬಳ್ಳ್ಯಾಗ ವಿಚಾರಿಸಿದ್ರ ಒಬ್ಬರು ಸೂಜಿಲೆ ಜೆಲ್ ತುಂಬೋ ಫಿಲ್ಲರ್ ಅಂತಾರ, ಇನ್ನೊಬ್ಬರು ನಿಮ್ಮ ಕೊಬ್ಬನ್ನ ತಗದು ಹಾಕಿದ್ರ ಶಾಶ್ವತ ಅಂತಾರ. ಮೂಗಿನ ಕೆಳಗ ಕೊಯ್ದು ತುಟಿ ಎತ್ತೋ ಆಪರೇಷನ್ನೂ ಐತಂತ. ನಮ್ಮ ಪಾರ್ಲರಿನಾಕಿ ಸೂಜಿನ ಇಲ್ಲದ ಪೆನ್ನಿಲೆ ಮೂರು ಸಾವಿರಕ್ಕ ಮಾಡಿಕೊಡ್ತೀನಿ ಅಂತಾಳ. ಅವ್ವ ಮಾತ್ರ, 'ಅದು ಯಾವ ಪ್ರಾಣಿದೋ ಏನೋ, ಒಮ್ಮೆ ಹಾಕಿಸಿದ್ರ ಮುಂದ ತುಟಿ ಜೋತು ಬೀಳ್ತಾವು' ಅಂತ ಹೆದರ್ಯಾಳ. ಜ್ವರ ಬಂದಾಗ ನನಗ ತುಟಿ ಅಂಚಿಗೆ ನೀರ್ಗುಳ್ಳಿ ಏಳ್ತಾವು. ಯಾವುದು ಮಾಡಿಸಲಿ? ಮಾಡಿಸದಿದ್ರನ ಛಲೋ ಏನು?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ತೊಂದರೆಗಳು ಒಂದಾಗಿ ಕೂತಿವೆ. ತುಟಿ ತೆಳುವಾಗಿರುವುದು ಒಂದು, ನಕ್ಕಾಗ ವಸಡು ಕಾಣುವುದು ಇನ್ನೊಂದು. ಎರಡೂ ಒಂದೇ ಬಾಯಲ್ಲಿದ್ದರೂ ಕಾರಣ ಬೇರೆ, ಉಪಾಯವೂ ಬೇರೆ. ಒಂದಕ್ಕೆ ಒಳ್ಳೆಯದಾದ ಆಪರೇಷನ್ ಇನ್ನೊಂದನ್ನು ಹದಗೆಡಿಸಬಹುದು. ನಿಮಗೆ ಸಿಕ್ಕ ಸಲಹೆಗಳಲ್ಲಿ ಯಾರೂ ಇದನ್ನು ಬಿಡಿಸಿ ಹೇಳಿದಂತೆ ಕಾಣುವುದಿಲ್ಲ. ಹಾಗಾಗಿ ಯಾವುದನ್ನು ಮಾಡಿಸಬೇಕು ಎನ್ನುವ ಮೊದಲು ನಿಮ್ಮ ತುಟಿ ಎಂಥದು ಎಂದು ನೋಡೋಣ.

ಶಾಲೆಯ ಮಕ್ಕಳ ಸ್ಕೇಲ್ ಒಂದನ್ನು ತೆಗೆದುಕೊಂಡು, ಹಗಲು ಬೆಳಕಿನಲ್ಲಿ ಕನ್ನಡಿಯ ಮುಂದೆ ನಿಲ್ಲಿ. ಮುಖ ಸಡಿಲ ಬಿಡಿ, ನಗಬೇಡಿ. ಮೂಗಿನ ಎರಡು ಹೊಳ್ಳೆಗಳ ನಡುವಿನ ಕಂಬದ ಬುಡದಿಂದ ಮೇಲ್ತುಟಿಯ ಕೆಂಪು ಶುರುವಾಗುವ ಅಂಚಿನವರೆಗೆ ಎಷ್ಟು ಮಿಲಿಮೀಟರ್ ಇದೆ ನೋಡಿ. ನಿಮ್ಮ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಇದು ಸಾಮಾನ್ಯವಾಗಿ 11ರಿಂದ 14 ಇರುತ್ತದೆ. 15 ದಾಟಿದರೆ ಉದ್ದ ಎನ್ನುತ್ತೇವೆ. ಆಮೇಲೆ 'ಅಮ್ಮ' ಎಂದು ಹೇಳಿ ತುಟಿಯನ್ನು ಹಾಗೇ ಸಡಿಲ ಬಿಡಿ; ಮೇಲಿನ ಮುಂದಿನ ಹಲ್ಲು 2ರಿಂದ 4 ಮಿ.ಮೀ. ಕಂಡರೆ ಸರಿ. ಕೊನೆಗೆ ಬಾಯ್ತುಂಬ ನಗಿ. ಹಲ್ಲಿನ ಮೇಲೆ ವಸಡು ಎಷ್ಟು ಕಾಣುತ್ತದೆ? ಒಂದೆರಡು ಮಿ.ಮೀ. ಕಾಣುವುದು ಚೆಂದವೇ. ಮೂರು-ನಾಲ್ಕು ದಾಟಿದಾಗ ಮಾತ್ರ ಅದನ್ನು ತೊಂದರೆ ಎಂದು ಲೆಕ್ಕಕ್ಕೆ ಹಿಡಿಯಬೇಕು. ಈ ಮೂರು ಅಂಕಿಗಳನ್ನು ಬರೆದಿಟ್ಟುಕೊಳ್ಳಿ, ಯಾವ ಡಾಕ್ಟರ ಹತ್ತಿರ ಹೋದರೂ ಮಾತು ಇಲ್ಲಿಂದ ಶುರುವಾಗಬೇಕು. ಅಳೆಯದೆ, ನಗಿಸಿ ನೋಡದೆ, ಕುರ್ಚಿಯಲ್ಲಿ ಕೂರಿಸಿದ ಕೂಡಲೇ 'ಒಂದು ಎಂ.ಎಲ್. ಹಾಕೋಣ' ಎನ್ನುವವರಿಂದ ಎದ್ದು ಬನ್ನಿ.

ತುಟಿ ತೆಳುವಾಗಿರುವುದಕ್ಕೆ ಕಾರಣ ಬಹಳಷ್ಟು ಸಲ ಹುಟ್ಟಿನಿಂದ ಬಂದ ಮನೆತನದ ಲಕ್ಷಣ, ಅಷ್ಟೇ. ವಯಸ್ಸಾದಂತೆ ತುಟಿ ಸೊರಗುವುದು ಇನ್ನೊಂದು, ಆದರೆ ನಿಮಗಿನ್ನೂ 27. ಮೂರನೆಯ ಕಾರಣವನ್ನು ಅನೇಕರು ಮರೆಯುತ್ತಾರೆ. ಮೇಲ್ತುಟಿ ಕೂರುವುದು ಹಲ್ಲಿನ ಮೇಲೆ. ಮೇಲಿನ ಮುಂದಿನ ಹಲ್ಲುಗಳು ಒಳಕ್ಕೆ ವಾಲಿದ್ದರೆ, ಮೇಲ್ದವಡೆ ಹಿಂದಿದ್ದರೆ, ಆಧಾರ ಸಿಗದೆ ತುಟಿ ಒಳಗೆ ಮಡಚಿಕೊಳ್ಳುತ್ತದೆ. ಇಂಥ ತುಟಿಗೆ ಎಷ್ಟು ತುಂಬಿದರೂ ಅದು ಮುಂದಕ್ಕೆ ಬರುವುದಿಲ್ಲ, ದಪ್ಪ ಮಾತ್ರ ಆಗುತ್ತದೆ. ಅನುಮಾನವಿದ್ದರೆ ಮೊದಲು ಹಲ್ಲು ಸಾಲು ಮಾಡುವ ಡಾಕ್ಟರಿಗೆ ತೋರಿಸಿ. ಧಾರವಾಡದ ಸತ್ತೂರಿನ ಎಸ್‌ಡಿಎಂ ದಂತ ಕಾಲೇಜಿನಂಥ ಕಡೆ ಹಲ್ಲು-ದವಡೆಯನ್ನು ಒಟ್ಟಿಗೆ ನೋಡುವ ವಿಭಾಗಗಳಿವೆ. ಹಾಗೆಯೇ, ತುಟಿ ಕಪ್ಪಾಗಿದೆ, ಸಿಪ್ಪೆ ಏಳುತ್ತದೆ ಎಂಬುದಕ್ಕೂ ತೆಳುವಾಗಿರುವುದಕ್ಕೂ ಸಂಬಂಧವಿಲ್ಲ. ಅದು ಬಿಸಿಲು, ತುಟಿ ನೆಕ್ಕುವ ಚಟ, ಟೂತ್‌ಪೇಸ್ಟ್ ಅಥವಾ ಲಿಪ್‌ಸ್ಟಿಕ್ ಒಗ್ಗದಿರುವುದು, ತಂಬಾಕು ಇಂಥವುಗಳಿಂದ ಬರುವುದು. ಅದಕ್ಕೆ ಫಿಲ್ಲರ್ ಮದ್ದಲ್ಲ.

ವಸಡು ಕಾಣುವುದಕ್ಕೂ ನಾಲ್ಕು ಕಾರಣಗಳಿವೆ: ಮೇಲ್ತುಟಿಯನ್ನು ಎತ್ತುವ ಸ್ನಾಯು ಜೋರಾಗಿ ಎಳೆಯುವುದು, ತುಟಿಯೇ ಗಿಡ್ಡವಿರುವುದು, ಮೇಲ್ದವಡೆಯ ಮೂಳೆ ಕೆಳಕ್ಕೆ ಉದ್ದ ಬೆಳೆದಿರುವುದು, ಇಲ್ಲವೇ ಹಲ್ಲಿನ ಮೇಲೆ ವಸಡು ಹೆಚ್ಚು ಹಬ್ಬಿ ಹಲ್ಲು ಗಿಡ್ಡ ಕಾಣುವುದು. ಮೊದಲನೆಯದಕ್ಕೆ ಸ್ನಾಯು ಸಡಿಲಿಸುವ ಬೊಟುಲಿನಂ (ಬೊಟಾಕ್ಸ್) ಇಂಜೆಕ್ಷನ್ ಸಾಕು. ಕೊನೆಯದು ವಸಡಿನ ಡಾಕ್ಟರ ಸಣ್ಣ ಕೆಲಸ. ಮೂಳೆಯದಾದರೆ ದವಡೆ ಆಪರೇಷನ್ನಿನ ಮಾತು, ಅದನ್ನು ಮದುವೆಯ ಗಡಿಬಿಡಿಯಲ್ಲಿ ಯೋಚಿಸುವುದೇ ಬೇಡ.

ಈಗ ನಿಮ್ಮ ಅವ್ವನ ಮಾತಿಗೆ ಬರುತ್ತೇನೆ. ಅವರ ಭಯಕ್ಕೆ ಬುಡ ಇದೆ, ಆದರೆ ಅದು ಹಳೆಯ ಕಾಲದ್ದು. 1981ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಮೊದಲ ಫಿಲ್ಲರ್ ದನದ ಚರ್ಮದಿಂದ ತೆಗೆದ ಕೊಲಾಜೆನ್. ಅಲರ್ಜಿ ಆಗುತ್ತದೆಂದು ಅದಕ್ಕೆ ಮೊದಲು ಕೈಮೇಲೆ ಪರೀಕ್ಷೆ ಮಾಡಿ ವಾರಗಟ್ಟಲೆ ಕಾಯುತ್ತಿದ್ದರು. ಆಮೇಲೆ ಬಂದ ಹಯಲುರೋನಿಕ್ ಆ್ಯಸಿಡ್ ಎಂಬ ಫಿಲ್ಲರ್ ಕೂಡ ಕೆಲವು ಕಂಪನಿಗಳಲ್ಲಿ ಕೋಳಿಯ ಹುಂಜದ ಜುಟ್ಟಿನಿಂದ ತಯಾರಾಗುತ್ತಿತ್ತು. ಈಗ ತುಟಿಗೆ ಬಳಸುವ ಹೆಸರಾಂತ ಕಂಪನಿಗಳದು ಬ್ಯಾಕ್ಟೀರಿಯಾ ಬೆಳೆಸಿ, ಹುದುಗಿಸಿ ತೆಗೆದದ್ದು, ಪ್ರಾಣಿಯದಲ್ಲ. ಆದರೆ ಒಂದು ಮಾತನ್ನು ಮುಚ್ಚಿಡುವಂತಿಲ್ಲ. ಈ ಫಿಲ್ಲರನ್ನು ಕರಗಿಸುವ ಔಷಧ ಹಯಲುರೋನಿಡೇಸ್ ಸಾಮಾನ್ಯವಾಗಿ ಕುರಿ ಅಥವಾ ದನದಿಂದ ತೆಗೆದದ್ದೇ. ನಿಮ್ಮ ಮನೆಯಲ್ಲಿ ಇದಕ್ಕೆ ಅಭ್ಯಂತರವಿದ್ದರೆ ಫಿಲ್ಲರ್ ಹಾಕಿಸುವ ಮೊದಲೇ ಯೋಚಿಸಬೇಕು. ತೊಂದರೆಯಾದ ಹೊತ್ತಿನಲ್ಲಿ ಬೇಡ ಎನ್ನುವ ಔಷಧ ಅದಲ್ಲ.

ತುಟಿ ಜೋತು ಬೀಳುತ್ತದೆ ಎಂಬುದು, ಹದವಾಗಿ ಹಾಕಿಸಿದವರ ಮಟ್ಟಿಗೆ, ನಿಜವಲ್ಲ. ಫಿಲ್ಲರ್ ಕರಗಿದ ಮೇಲೆ ತುಟಿ ಮೊದಲಿನ ಆಕಾರಕ್ಕೆ ಬರುತ್ತದೆ. ಕೆಲವು ತಿಂಗಳು ತುಂಬಿದ ತುಟಿ ನೋಡಿ ಕಣ್ಣಿಗೆ ರೂಢಿಯಾಗಿರುತ್ತದಲ್ಲ, ಹಾಗಾಗಿ ಮೊದಲಿಗಿಂತ ಸೊರಗಿದಂತೆ ಅನಿಸುತ್ತದೆ. ಆದರೆ ಪ್ರತಿ ಆರು ತಿಂಗಳಿಗೊಮ್ಮೆ ಬಿಡದೆ ಹಾಕಿಸಿಕೊಳ್ಳುವವರಲ್ಲಿ ಚರ್ಮ ಹಿಗ್ಗಿ, ಫಿಲ್ಲರ್ ಅಂಚು ದಾಟಿ ಮೇಲೆ ಮೀಸೆಯ ಜಾಗಕ್ಕೆ ಸರಿದು, ಬಾತುಕೋಳಿಯ ಕೊಕ್ಕಿನಂತೆ ಕಾಣುವುದು ನಿಜ. ಆರು ತಿಂಗಳಿಗೆ ಪೂರ್ತಿ ಕರಗುತ್ತದೆ ಎಂದು ಮಾರುವವರು ಹೇಳುವುದೂ ಸರಿಯಲ್ಲ. ಹೊರಗೆ ಕಾಣುವ ತುಂಬು ಆರರಿಂದ ಹನ್ನೆರಡು ತಿಂಗಳು ಇರುತ್ತದೆ. ಒಳಗೆ ಸ್ವಲ್ಪ ಅದಕ್ಕೂ ಹೆಚ್ಚು ಕಾಲ ಉಳಿಯಬಹುದು. ಅದರ ಮೇಲೆ ಮತ್ತೆ ಮತ್ತೆ ಸುರಿಯುವುದರಿಂದಲೇ ಕೊಕ್ಕು ಬರುವುದು.

ಹಯಲುರೋನಿಕ್ ಆ್ಯಸಿಡ್ ನಮ್ಮ ಮೈಯಲ್ಲೇ ಇರುವ ಸಕ್ಕರೆ ಜಾತಿಯ ವಸ್ತು, ನೀರು ಹಿಡಿದಿಡುವುದು ಅದರ ಗುಣ. ಹಾಗೇ ಹಾಕಿದರೆ ಬೇಗ ಕರಗಿಬಿಡುತ್ತದೆ, ಅದಕ್ಕೆ ಎಳೆ ಎಳೆಯನ್ನು ರಾಸಾಯನಿಕವಾಗಿ ಹೆಣೆದು ಜೆಲ್ ಮಾಡಿರುತ್ತಾರೆ. ಒಂದು ಎಂ.ಎಲ್. ಜೆಲ್‌ನಲ್ಲಿ ಸಾಮಾನ್ಯವಾಗಿ 15ರಿಂದ 24 ಮಿ.ಗ್ರಾಂ. ಇರುತ್ತದೆ. ಬಹಳಷ್ಟರಲ್ಲಿ 0.3 ಶೇಕಡಾ ಲಿಡೊಕೇಯ್ನ್ ಎಂಬ ಜೋಮು ಹಿಡಿಸುವ ಔಷಧವೂ ಬೆರೆತಿರುತ್ತದೆ. ತುಟಿಗೆ ಮೆತ್ತನೆಯ ಜೆಲ್ ಬೇಕು. ಕೆನ್ನೆ, ಗದ್ದಕ್ಕೆಂದು ಮಾಡಿದ ಗಟ್ಟಿ ಜೆಲ್ಲನ್ನು ತುಟಿಗೆ ಹಾಕಿದರೆ ಮಾತನಾಡುವಾಗ ಗಂಟುಗಂಟಾಗಿ ಎದ್ದು ಕಾಣುತ್ತದೆ. ತೀರ ಮೇಲ್ಪದರದಲ್ಲಿ ಹಾಕಿದರೆ ಚರ್ಮದಡಿ ನೀಲಿ ಛಾಯೆ ಬೀಳುತ್ತದೆ.

ಮೊದಲ ಸಲ ಹಾಕಿಸುವವರಿಗೆ ಎರಡೂ ತುಟಿಗೆ ಸೇರಿ ಅರ್ಧದಿಂದ ಒಂದು ಎಂ.ಎಲ್. ಸಾಕು. ಒಂದು ಚಹಾದ ಚಮಚದಲ್ಲಿ ಐದು ಎಂ.ಎಲ್. ಹಿಡಿಯುತ್ತದೆ, ಅದರ ಐದನೇ ಒಂದು ಭಾಗ ಅಂದರೆ ಎಷ್ಟು ಎಂದು ಊಹಿಸಿಕೊಳ್ಳಿ. ನಿಮ್ಮಂಥವರಿಗೆ ನಾನು ಅರ್ಧದಿಂದ ಮುಕ್ಕಾಲು ಎಂ.ಎಲ್. ಹಾಕಿ, ಎರಡು ವಾರ ಬಿಟ್ಟು ನೋಡಿ, ಬೇಕಾದರೆ ಮತ್ತೆ ಸ್ವಲ್ಪ ಎನ್ನುತ್ತೇನೆ. ಮೇಲ್ತುಟಿ ಕೆಳತುಟಿಗಿಂತ ತುಸು ತೆಳುವಾಗಿರುವುದೇ ಸಹಜ. ಎರಡನ್ನೂ ಸಮ ಮಾಡಹೋದರೆ ಮುಖ ನಿಮ್ಮದಾಗಿ ಉಳಿಯುವುದಿಲ್ಲ. ಉಳಿದ ಜೆಲ್ಲನ್ನು ಏನು ಮಾಡುತ್ತಾರೆ ಎಂದು ಕೇಳಿ. 'ಗೆಳತಿ ಜೊತೆ ಬನ್ನಿ, ಒಂದು ಸಿರಿಂಜ್ ಇಬ್ಬರಿಗೆ ಅರ್ಧ ಅರ್ಧ, ಅರ್ಧ ರೊಕ್ಕ' ಎಂಬ ಆಫರ್ ಕಂಡರೆ ದೂರ ಇರಿ. ಸೂಜಿ ಬದಲಿಸಿದರೂ ಸಿರಿಂಜಿನೊಳಕ್ಕೆ ರಕ್ತದ ಅಂಶ ಹಿಂದಕ್ಕೆ ಸೇರಿರಬಹುದು. ಹೆಪಟೈಟಿಸ್ ಬಿ, ಎಚ್‌ಐವಿ ಹರಡುವ ದಾರಿ ಅದು. ಒಂದು ಸಿರಿಂಜ್ ಒಬ್ಬರಿಗೆ, ಒಂದೇ ಸಲಕ್ಕೆ.

ಈ ವಿಷಯದಲ್ಲಿ ನಿಜವಾಗಿ ಹೆದರಬೇಕಾದದ್ದು ಜೋತು ಬೀಳುವುದಕ್ಕಲ್ಲ, ಗಂಟಿಗೂ ಅಲ್ಲ. ಮೇಲ್ತುಟಿ, ಕೆಳತುಟಿ ಎರಡರಲ್ಲೂ ಅಡ್ಡಕ್ಕೆ ಒಂದೊಂದು ರಕ್ತನಾಳ ಓಡುತ್ತದೆ. ಹೆಚ್ಚಿನವರಲ್ಲಿ ಅದು ತುಟಿಯ ಒಳಮೈಗೆ ಹತ್ತಿರ, ಸ್ನಾಯುವಿನ ಹಿಂದೆ ಇರುತ್ತದೆ. ಆದರೆ ಒಬ್ಬೊಬ್ಬರಲ್ಲಿ ಒಂದೊಂದು ಆಳ. ಆ ನಾಳದೊಳಕ್ಕೆ ಜೆಲ್ ಹೊಕ್ಕರೆ ಮುಂದಿನ ಚರ್ಮಕ್ಕೆ ರಕ್ತ ನಿಲ್ಲುತ್ತದೆ. ಬೇಗ ಗುರುತಿಸದಿದ್ದರೆ ತುಟಿ, ಮೂಗಿನ ತುದಿ ಕೊಳೆತು ಕಲೆ ಉಳಿಯುತ್ತದೆ. ತೀರ ಅಪರೂಪಕ್ಕೆ ಕಣ್ಣಿನ ನಾಳದವರೆಗೂ ಹೋಗಿ ದೃಷ್ಟಿ ಹೋಗಬಹುದು. ನುರಿತ ಕೈಯಲ್ಲಿ ಇದು ವಿರಳ, ಆದರೆ ಯಾರ ಕೈಯಲ್ಲೂ ಸೊನ್ನೆ ಅಲ್ಲ. ಕ್ಯಾನುಲಾ ಎಂಬ ಮೊಂಡು ತುದಿಯ ಸಣ್ಣ ಕೊಳವೆ ಬಳಸಿದರೆ ಅಪಾಯವೂ ನೀಲಿಗಟ್ಟುವುದೂ ಕಡಿಮೆ. ಅದೂ ಪೂರ್ತಿ ಭರವಸೆಯಲ್ಲ. ನಿಧಾನವಾಗಿ, ಚೂರುಚೂರೇ ಹಾಕುವುದೇ ದೊಡ್ಡ ರಕ್ಷಣೆ.

ಗುರುತಿಸುವುದು ಹೇಗೆಂದು ನಿಮಗೂ ಗೊತ್ತಿರಬೇಕು. ಹಾಕುವಾಗಲೇ ಒಂದು ಭಾಗ ಬಿಳಿಚಿಕೊಳ್ಳುವುದು, ಆಮೇಲೆ ಬಲೆಯ ಹಾಗೆ ನೀಲಿ-ನೇರಳೆ ಗೆರೆ ಮೂಡುವುದು, ಊತಕ್ಕೆ ಮೀರಿದ ನೋವು. ಜೆಲ್‌ನಲ್ಲೇ ಜೋಮಿನ ಔಷಧ ಇರುವುದರಿಂದ ಮೊದಲೆರಡು ತಾಸು ನೋವು ಗೊತ್ತಾಗದೇ ಹೋಗಬಹುದು. ನಮ್ಮ ಗೋಧಿ ಬಣ್ಣದ, ಕಪ್ಪು ಮೈಯಲ್ಲಿ ಬಿಳಿಚಿದ್ದು ಹೊರಗಿನಿಂದ ಸರಿಯಾಗಿ ಕಾಣುವುದಿಲ್ಲ. ಅದಕ್ಕೆ ತುಟಿಯನ್ನು ಮಡಚಿ ಒಳಮೈ ನೋಡಬೇಕು. ಬೆರಳಿನಿಂದ ಐದು ಸೆಕೆಂಡ್ ಒತ್ತಿ ಬಿಡಿ. ಎರಡು ಸೆಕೆಂಡಿನೊಳಗೆ ಕೆಂಪು ಮರಳಿದರೆ ರಕ್ತ ಓಡುತ್ತಿದೆ. 'ಒಂದು, ಎರಡು, ಮೂರು, ನಾಲ್ಕು' ಎಂದು ಎಣಿಸಿದರೂ ಬಿಳಿಯಾಗೇ ಇದ್ದರೆ, ಅಥವಾ ಒತ್ತುವ ಮೊದಲೇ ಕಪ್ಪುನೀಲಿ ಇದ್ದರೆ, ಬೆಳಗಾಗಲಿ ಎಂದು ಕಾಯಬಾರದು. ಬಲಗಡೆ-ಎಡಗಡೆ ಹೋಲಿಸಿ ನೋಡಿ, ವ್ಯತ್ಯಾಸ ಬೇಗ ಸಿಗುತ್ತದೆ.

ಹಯಲುರೋನಿಕ್ ಆ್ಯಸಿಡ್ ಫಿಲ್ಲರಿನ ದೊಡ್ಡ ಗುಣ ಇಲ್ಲಿದೆ: ಅದಕ್ಕೆ ಮಾತ್ರ ಮರುಮದ್ದು ಉಂಟು. ಹಯಲುರೋನಿಡೇಸ್ ಚುಚ್ಚಿದರೆ ಜೆಲ್ ಕರಗಿ ರಕ್ತ ಮತ್ತೆ ಓಡುತ್ತದೆ. ನಮ್ಮಲ್ಲಿ ಅದು 1,500 ಯೂನಿಟ್ಟಿನ ಸಣ್ಣ ಸೀಸೆಯಲ್ಲಿ ಬರುತ್ತದೆ. ನಾಳ ಕಟ್ಟಿದಾಗ ತುಟಿಗೆ ಸುಮಾರು 500 ಯೂನಿಟ್ ಹಾಕಿ, ಬಣ್ಣ ಮರಳುವವರೆಗೆ ತಾಸಿಗೊಮ್ಮೆ ಮತ್ತೆ ಹಾಕುತ್ತಾ ಹೋಗಬೇಕಾಗುತ್ತದೆ. ಹರಡಿದ ಜಾಗ ಹೆಚ್ಚಾದಷ್ಟೂ ಯೂನಿಟ್ ಹೆಚ್ಚು. ಆದ್ದರಿಂದ ಒಂದೇ ಸೀಸೆ ಇಟ್ಟುಕೊಂಡ ಕ್ಲಿನಿಕ್ಕಿನಲ್ಲಿ ತಯಾರಿ ಸಾಲದು. ಮೊದಲ ಕೆಲವು ತಾಸುಗಳಲ್ಲಿ ಹಾಕಿದಷ್ಟೂ ಫಲ ಹೆಚ್ಚು. ಜೇನ್ನೊಣ, ಕಣಜ ಕಚ್ಚಿ ನಿಮಗೆ ಎಂದಾದರೂ ಮೈಯೆಲ್ಲ ಊದಿಕೊಂಡಿದ್ದರೆ ಮೊದಲೇ ಹೇಳಿ. ಆ ವಿಷದಲ್ಲೂ ಇಂಥದೇ ಅಂಶವಿರುವುದರಿಂದ ಅಂಥವರಿಗೆ ಈ ಔಷಧ ಒಗ್ಗದಿರಬಹುದು.

ನೀವು ಗದಗದವರು ಎಂಬುದು ಇಲ್ಲಿ ಮುಖ್ಯವಾಗುತ್ತದೆ. ಸಂಜೆ ಆರಕ್ಕೆ ಹುಬ್ಬಳ್ಳಿಯಲ್ಲಿ ಹಾಕಿಸಿಕೊಂಡು ಬಸ್ಸು ಹತ್ತಿದರೆ, ನೋವು ಶುರುವಾಗುವುದು ಮನೆ ತಲುಪಿದ ಮೇಲೆ. ಬೆಂಗಳೂರು, ಮುಂಬೈಯಿಂದ ತಿಂಗಳಿಗೊಮ್ಮೆ ರವಿವಾರ ಬಂದು, ಹತ್ತಾರು ಮಂದಿಗೆ ಹಾಕಿ, ರಾತ್ರಿ ಗಾಡಿಗೆ ಹೋಗುವ ತಜ್ಞರ ಕೈ ಎಷ್ಟೇ ಚೆನ್ನಾಗಿರಲಿ, ಸೋಮವಾರ ಬೆಳಗ್ಗೆ ನಿಮ್ಮ ತುಟಿ ನೋಡುವವರು ಯಾರು? ಈ ಪ್ರಶ್ನೆಗೆ ಒಬ್ಬರ ಹೆಸರು, ಒಂದು ಫೋನ್ ನಂಬರ್ ಉತ್ತರವಾಗಿ ಸಿಗಬೇಕು. ನನ್ನ ಮಟ್ಟಿಗೆ, ಯಾವ ಕಂಪನಿಯ ಜೆಲ್ ಎಂಬುದಕ್ಕಿಂತ ಇದು ದೊಡ್ಡ ವಿಚಾರ. ಬೆಳಗಿನ ಹೊತ್ತೇ ಸಮಯ ತಗೊಳ್ಳಿ, ಹಾಕಿಸಿದ ಮೇಲೆ ಕನಿಷ್ಠ ನಾಲ್ಕು ತಾಸು ಹುಬ್ಬಳ್ಳಿಯಲ್ಲೇ ಇರಿ, ಹೊರಡುವ ಮೊದಲು ಇನ್ನೊಮ್ಮೆ ತೋರಿಸಿ. ಆ ರಾತ್ರಿ ಹುಬ್ಬಳ್ಳಿಯ ನೆಂಟರ ಮನೆಯಲ್ಲಿ ಉಳಿಯಲು ಸಾಧ್ಯವಾದರೆ ಇನ್ನೂ ಒಳ್ಳೆಯದು.

ಪಾರ್ಲರಿನವರ ಪೆನ್ನು ಬೇಡವೇ ಬೇಡ. ಅದರಲ್ಲಿ ಸೂಜಿ ಇಲ್ಲ ಎಂಬುದು ನಿಜ, ಸುರಕ್ಷಿತ ಎಂಬುದು ಸುಳ್ಳು. ಸ್ಪ್ರಿಂಗಿನ ಒತ್ತಡದಿಂದ ದ್ರವವನ್ನು ಚರ್ಮದೊಳಕ್ಕೆ ಚಿಮ್ಮಿಸುವ ಯಂತ್ರ ಅದು. ಎಷ್ಟು ಆಳಕ್ಕೆ ಹೋಯಿತು, ನಾಳಕ್ಕೆ ಹೊಕ್ಕಿತೋ ಇಲ್ಲವೋ ಎಂಬುದು ಹಿಡಿದವರ ಕೈಗೆ ಗೊತ್ತಾಗುವುದೇ ಇಲ್ಲ. ಚರ್ಮ ಹರಿದು, ಗಂಟಾಗಿ, ಸೋಂಕು ತಗುಲಿದವರಿದ್ದಾರೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2021ರ ಅಕ್ಟೋಬರಿನಲ್ಲೇ ಇವನ್ನು ಬಳಸಬೇಡಿ ಎಂದು ಜನರಿಗೂ ವೈದ್ಯರಿಗೂ ಎಚ್ಚರಿಕೆ ಕೊಟ್ಟಿದೆ. ಇದರೊಳಗೆ ತುಂಬುವ ದ್ರವ ಆನ್‌ಲೈನಿನಲ್ಲಿ ತರಿಸಿದ್ದು. ಅದು ನಿಜಕ್ಕೂ ಹಯಲುರೋನಿಕ್ ಆ್ಯಸಿಡ್ಡೋ ಅಲ್ಲವೋ ಎಂಬುದಕ್ಕೂ ದಾಖಲೆ ಇರುವುದಿಲ್ಲ. ಒಳ್ಳೆಯ ಕಂಪನಿಯ ಒಂದು ಎಂ.ಎಲ್. ಸಿರಿಂಜಿನ ಬೆಲೆಯೇ ಹತ್ತು ಸಾವಿರದ ಆಚೀಚೆ ಇರುವಾಗ ಮೂರು ಸಾವಿರಕ್ಕೆ ಏನು ಸಿಗುತ್ತದೆ ಎಂದು ನೀವೇ ಲೆಕ್ಕ ಹಾಕಿ.

'ಒಮ್ಮೆ ಹಾಕಿದರೆ ಜೀವನಪೂರ್ತಿ' ಎನ್ನುವ ದ್ರವ ಸಿಲಿಕಾನ್, ಪ್ಲಾಸ್ಟಿಕ್ ಕಣ ಬೆರೆಸಿದ ಫಿಲ್ಲರುಗಳ ಬಗ್ಗೆಯೂ ಇಷ್ಟೇ ಖಡಕ್ಕಾಗಿ ಹೇಳಬೇಕು. ಐದು, ಹತ್ತು ವರ್ಷದ ಮೇಲೂ ಮೈ ಅವುಗಳ ಸುತ್ತ ಗಟ್ಟಿ ಗಡ್ಡೆ ಕಟ್ಟಬಹುದು. ಕರಗಿಸುವ ಔಷಧವಿಲ್ಲ, ಕೊಯ್ದು ತೆಗೆಯಹೋದರೆ ತುಟಿಯೇ ವಿಕಾರವಾಗುತ್ತದೆ. ಮುಖ ಅಂದ ಮಾಡಲು ಸಿಲಿಕಾನ್ ಚುಚ್ಚುವುದಕ್ಕೆ ಎಫ್‌ಡಿಎ ಯಾವತ್ತೂ ಒಪ್ಪಿಗೆ ಕೊಟ್ಟಿಲ್ಲ. ಹಾಕುವ ಪದಾರ್ಥದ ಹೆಸರು ಕೇಳಿದಾಗ 'ಕಾಯಮ್ ಇರತೈತಿ' ಎಂಬುದೊಂದೇ ಉತ್ತರ ಬಂದರೆ, ಅದು ಇದೇ ಜಾತಿ ಎಂದು ತಿಳಿಯಿರಿ.

ಕೊಬ್ಬು ತುಂಬಿಸುವುದು ಇದಕ್ಕಿಂತ ಮರ್ಯಾದಸ್ಥ ದಾರಿ, ಅನುಮಾನವಿಲ್ಲ. ಹೊಕ್ಕಳ ಕೆಳಗಿನಿಂದ ಅಥವಾ ತೊಡೆಯ ಒಳಭಾಗದಿಂದ ಸಣ್ಣ ಕ್ಯಾನುಲಾದಲ್ಲಿ 10-20 ಎಂ.ಎಲ್. ಕೊಬ್ಬು ಎಳೆಯುತ್ತಾರೆ. ಅದನ್ನು ಯಂತ್ರದಲ್ಲಿ ನಿಮಿಷಕ್ಕೆ 3,000 ಸುತ್ತಿನಂತೆ ಮೂರು ನಿಮಿಷ ತಿರುಗಿಸಿದರೆ ಮೇಲೆ ಎಣ್ಣೆ, ಕೆಳಗೆ ರಕ್ತ-ನೀರು, ನಡುವೆ ಒಳ್ಳೆಯ ಕೊಬ್ಬು ಬೇರೆಯಾಗುತ್ತದೆ. ನಡುವಿನದನ್ನಷ್ಟೇ ತೆಳ್ಳನೆಯ ಎಳೆಗಳಾಗಿ ತುಟಿಯಲ್ಲಿ ಇಡುತ್ತಾರೆ. ನಿಮ್ಮದೇ ಕೊಬ್ಬು, ಅಲರ್ಜಿ ಇಲ್ಲ, ಹಿಡಿದದ್ದು ಉಳಿಯುತ್ತದೆ. ಆದರೆ ಎಷ್ಟು ಹಿಡಿಯುತ್ತದೆ? ಸಸಿ ನೆಟ್ಟು ದಿನವೂ ಅಲುಗಾಡಿಸಿದರೆ ಬೇರು ಬಿಡುತ್ತದೆಯೇ? ಮಾತು, ಊಟ, ನಗು ಎಂದು ತುಟಿ ಇಡೀ ದಿನ ಆಡುತ್ತಿರುವುದರಿಂದ ಮುಖದ ಬೇರೆ ಕಡೆಗಿಂತ ಇಲ್ಲಿ ಕೊಬ್ಬು ಹಿಡಿಯುವುದು ಕಡಿಮೆ. ಕರಗಿ ಹೋಗುತ್ತದೆಂದು ಹೆಚ್ಚು ತುಂಬುತ್ತಾರೆ, ಹಾಗಾಗಿ ಎರಡು-ಮೂರು ವಾರ ತುಟಿ ಭಾರಿ ಊದಿಕೊಂಡಿರುತ್ತದೆ. ಕೊನೆಯ ರೂಪ ಗೊತ್ತಾಗಲು ಮೂರರಿಂದ ಆರು ತಿಂಗಳು ಬೇಕು, ಎರಡನೇ ಸಲವೂ ಮಾಡಿಸಬೇಕಾಗಬಹುದು. ಒಂದು ಕಡೆ ಹೆಚ್ಚು ಹಿಡಿದರೆ ಕರಗಿಸುವ ಔಷಧವಿಲ್ಲ. ತೂಕ ಹೆಚ್ಚಾದರೆ ಅದೂ ಹೆಚ್ಚುತ್ತದೆ. ನಾಳ ಕಟ್ಟಿದರೂ ಹಯಲುರೋನಿಡೇಸ್ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಹಾಗಾಗಿ 'ಶಾಶ್ವತ' ಎಂಬ ಮಾತು ಅರ್ಧ ನಿಜ. ಎರಡು-ಮೂರು ಸಲ ಫಿಲ್ಲರ್ ಹಾಕಿಸಿ ನೋಡಿ, ಈ ಆಕಾರವೇ ಬೇಕು ಎಂದು ಗಟ್ಟಿಯಾದವರಿಗೆ, ಬೇರೆ ಕಾರಣಕ್ಕೆ ಕೊಬ್ಬು ತೆಗೆಸುತ್ತಿರುವವರಿಗೆ ಇದು ಹೊಂದೀತು. ಎರಡೂವರೆ ತಿಂಗಳಲ್ಲಿ ಮದುವೆ ಇಟ್ಟುಕೊಂಡವರಿಗೆ ಅಲ್ಲ.

ಮೂಗಿನ ಕೆಳಗೆ ಕೊಯ್ದು ತುಟಿ ಎತ್ತುವುದು ತುಂಬುವ ಉಪಾಯವೇ ಅಲ್ಲ, ಗಿಡ್ಡ ಮಾಡುವ ಉಪಾಯ. ಮೂಗಿನ ಬುಡದಲ್ಲಿ ಎತ್ತಿನ ಕೋಡಿನ ಆಕಾರದಲ್ಲಿ 3ರಿಂದ 5 ಮಿ.ಮೀ. ಚರ್ಮ ತೆಗೆದು ಹೊಲಿಯುತ್ತಾರೆ. ತುಟಿ ಮೇಲೇರಿ, ಒಳಗೆ ಮಡಚಿದ್ದ ಕೆಂಪು ಹೊರಗೆ ಕಾಣುತ್ತದೆ. ಮೂಗು-ತುಟಿಯ ನಡುವಿನ ಜಾಗ ಉದ್ದವಿದ್ದು, ಹಲ್ಲು ಕಾಣದವರಿಗೆ, ಅದರಲ್ಲೂ ವಯಸ್ಸಾದವರಿಗೆ ಇದು ಬಹಳ ಒಳ್ಳೆಯ ಆಪರೇಷನ್. ಅಂಥವರಿಗೆ ಫಿಲ್ಲರ್ ಹಾಕಿದರೆ ತುಟಿ ಭಾರವಾಗಿ ಇನ್ನೂ ಇಳಿಯುತ್ತದೆ. ಆದರೆ ನಿಮಗೆ ಈಗಾಗಲೇ ವಸಡು ಕಾಣುತ್ತದೆ! ತುಟಿಯನ್ನು ಇನ್ನೂ ನಾಲ್ಕು ಮಿ.ಮೀ. ಎತ್ತಿದರೆ ವಸಡು ಇನ್ನಷ್ಟು ಕಾಣುತ್ತದೆ, ತೆಗೆದ ಚರ್ಮವನ್ನು ಮತ್ತೆ ತರಲಾಗುವುದಿಲ್ಲ. ನಿಮ್ಮ ನಗುವನ್ನು ನೋಡದೆ ಇದನ್ನು ಹೇಳಿದ್ದರೆ ಅದು ತಪ್ಪು ಸಲಹೆ. ಕಲೆಯ ಮಾತೂ ಇದೆ. ಹೊಲಿಗೆ ಐದಾರು ದಿನಕ್ಕೆ ಬಿಚ್ಚಿದರೂ ಗೆರೆ ಕೆಂಪಾಗಿ ತಿಂಗಳುಗಟ್ಟಲೆ ಇರುತ್ತದೆ. ನಮ್ಮ ಮೈಬಣ್ಣದಲ್ಲಿ, ನಮ್ಮ ಕಡೆಯ ಬಿಸಿಲಲ್ಲಿ, ಅದು ಕಪ್ಪಿಟ್ಟು ನಿಲ್ಲುವ ಸಾಧ್ಯತೆ ಹೆಚ್ಚು. ಕಿವಿ ಚುಚ್ಚಿಸಿದ ಜಾಗ ಅಥವಾ ತೋಳಿನ ಬಿಸಿಜಿ ಲಸಿಕೆಯ ಗುರುತು ಗಂಟುಕಟ್ಟಿದವರು ಮುಖದ ಮೇಲೆ ಇಂಥ ಕೊಯ್ತವನ್ನು ಬಿಟ್ಟೇಬಿಡಬೇಕು. ತುಟಿಯಂಚಿನಲ್ಲೇ ಚರ್ಮ ತೆಗೆದು ಕೆಂಪನ್ನು ಅಗಲ ಮಾಡುವ ಇನ್ನೊಂದು ಆಪರೇಷನ್ ಇದೆ. ಅದರ ಕಲೆ ಅಂಚಿನುದ್ದಕ್ಕೂ ಕಾಣುವುದರಿಂದ ನಮ್ಮವರಿಗೆ ನಾನು ಹೇಳುವುದಿಲ್ಲ. ಬಾಯಿಯ ಒಳಗಿನಿಂದಲೇ ವಿ ಆಕಾರದಲ್ಲಿ ಕೊಯ್ದು ವೈ ಆಕಾರದಲ್ಲಿ ಹೊಲಿದು ಒಳಪದರವನ್ನು ಮುಂದೆ ತಳ್ಳುವ ವಿಧಾನದಲ್ಲಿ ಹೊರಗೆ ಕಲೆ ಇರುವುದಿಲ್ಲ, ಆದರೆ ವಾರಗಟ್ಟಲೆ ಬಾವು, ಬಿಗಿತ, ಜೋಮು ಇರುತ್ತದೆ. ಸೀಳುತುಟಿಯ ಆಪರೇಷನ್ ಆದವರಿಗೆ ಇವುಗಳ ಲೆಕ್ಕ ಬೇರೆ, ಅವರು ಪ್ಲಾಸ್ಟಿಕ್ ಸರ್ಜನ್‌ರನ್ನೇ ಕಾಣಬೇಕು.

ಸಿಲಿಕಾನ್ ಇಂಪ್ಲಾಂಟ್ ಎಂದರೆ 3ರಿಂದ 5 ಮಿ.ಮೀ. ದಪ್ಪದ ಮೆತ್ತನೆಯ ಕಡ್ಡಿ. ಬಾಯಿಯ ಎರಡು ಮೂಲೆಗಳಲ್ಲಿ ಸಣ್ಣ ರಂಧ್ರ ಮಾಡಿ ತೂರಿಸುತ್ತಾರೆ, ಬೇಡವೆಂದರೆ ತೆಗೆಯಲೂ ಬಹುದು. ಚುಚ್ಚುವ ಸಿಲಿಕಾನಿಗೂ ಇದಕ್ಕೂ ಆ ವ್ಯತ್ಯಾಸ ಇದೆ. ಆದರೆ ಒಂದು ಬದಿಗೆ ಸರಿಯುವುದು, ನಗುವಾಗ ಗಟ್ಟಿ ಗೆರೆಯಾಗಿ ತೋರುವುದು, ಸೋಂಕಾಗಿ ಹೊರಬರುವುದು ಇದ್ದದ್ದೇ. ತೀರ ತೆಳುವಾದ ತುಟಿಯಲ್ಲಿ ಅದನ್ನು ಮುಚ್ಚಿಕೊಳ್ಳುವಷ್ಟು ಮಾಂಸವೂ ಇರುವುದಿಲ್ಲ.

ನಿಮ್ಮ ಮಟ್ಟಿಗೆ ಹೆಚ್ಚು ಯೋಚಿಸಬೇಕಾದದ್ದು ಯಾರೂ ಹೇಳದ ಬೊಟುಲಿನಂ ಇಂಜೆಕ್ಷನ್. ಇದು ತುಂಬುವುದಿಲ್ಲ, ಸ್ನಾಯುವನ್ನು ತಾತ್ಕಾಲಿಕವಾಗಿ ಸಡಿಲಿಸುತ್ತದೆ. ಮೇಲ್ತುಟಿಯ ಅಂಚಿನುದ್ದಕ್ಕೂ ಒಟ್ಟು 4ರಿಂದ 6 ಯೂನಿಟ್ ಹಾಕಿದರೆ ತುಟಿ ಒಳಕ್ಕೆ ಮಡಚಿಕೊಳ್ಳುವುದು ಕಡಿಮೆಯಾಗಿ ಕೆಂಪು ತುಸು ಹೊರಗೆ ತೆರೆದುಕೊಳ್ಳುತ್ತದೆ. ವಸಡು ಕಾಣುವುದಕ್ಕಾದರೆ ಮೂಗಿನ ಪಕ್ಕದಲ್ಲಿ, ತುಟಿ ಎತ್ತುವ ಸ್ನಾಯುವಿಗೆ ಒಂದೊಂದು ಬದಿಗೆ ಎರಡು-ಮೂರು ಯೂನಿಟ್. ಮೂರ್ನಾಲ್ಕು ದಿನಕ್ಕೆ ಶುರುವಾಗಿ ಎರಡು ವಾರಕ್ಕೆ ಪೂರ್ತಿ ಗೊತ್ತಾಗುತ್ತದೆ, ಎರಡು-ಮೂರು ತಿಂಗಳಿಗೆ ಇಳಿಯುತ್ತದೆ. ಹೆಚ್ಚಾದರೆ ನಗು ಸೊಟ್ಟಗಾಗುವುದು, ಸ್ಟ್ರಾದಲ್ಲಿ ಎಳನೀರು ಎಳೆಯಲಾಗದಿರುವುದು, ನೀರು ಮುಕ್ಕಳಿಸುವಾಗ ಸೋರುವುದು, ಪ-ಬ-ಮ ಅಕ್ಷರ ತೊದಲುವುದು ಆಗಬಹುದು. ಇದಕ್ಕೆ ಮರುಮದ್ದಿಲ್ಲ, ಆದರೆ ತಾನಾಗಿ ಹೋಗುತ್ತದೆ. ಹಾಡುವವರು, ಕೊಳಲು-ಶಹನಾಯಿ ನುಡಿಸುವವರು ಮಾಡಿಸಬಾರದು. ಬಸುರಿ, ಬಾಣಂತಿ, ಎದೆಹಾಲು ಕೊಡುವವರಿಗೆ ಬೊಟುಲಿನಂ, ಫಿಲ್ಲರ್ ಎರಡೂ ಬೇಡ.

ಪಿಆರ್‌ಪಿ (ನಿಮ್ಮದೇ ರಕ್ತದಿಂದ ತೆಗೆದ ದ್ರವ ಚುಚ್ಚುವುದು), ದಾರ ತೂರಿಸುವುದು ಇವುಗಳಿಂದ ತುಟಿಯ ಗಾತ್ರದಲ್ಲಿ ಹೇಳುವಂಥ ಬದಲಾವಣೆ ಆಗುವುದಿಲ್ಲ. ತುಟಿ ಉಬ್ಬಿಸುವ ಲಿಪ್‌ಗ್ಲಾಸ್‌ಗಳಲ್ಲಿ ಇರುವುದು ಮೆಣಸಿನಕಾಯಿಯ ಖಾರ, ಪುದೀನದ ತಂಪು, ದಾಲ್ಚಿನ್ನಿ. ಖಾರ ಕುಟ್ಟಿದ ಕೈ ತುಟಿಗೆ ತಾಗಿದರೆ ಉರಿದು ಕೆಂಪಾಗಿ ಊದುತ್ತದಲ್ಲ, ಅದೇ. ನಮ್ಮ ಬ್ಯಾಡಗಿ ಬಣ್ಣಕ್ಕೆ ಹೆಸರಾದದ್ದು, ಖಾರ ಕಡಿಮೆ. ಅದರ ಕೈಯೇ ಉರಿಸುತ್ತದೆಂದರೆ ಇನ್ನು ಖಾರದ ಸತ್ವ ತೆಗೆದು ಬೆರೆಸಿದ್ದು ಹೇಗಿರಬೇಡ? ಒಂದೆರಡು ತಾಸಿನ ಉಬ್ಬು, ದಿನವೂ ಹಚ್ಚಿದರೆ ಸಿಪ್ಪೆ ಏಳುವುದೂ ಕಪ್ಪಾಗುವುದೂ ಉಳಿಯುತ್ತದೆ.

ಎಲ್ಲಿ ಮಾಡಿಸಬೇಕು? ಚರ್ಮರೋಗದ ಎಂ.ಡಿ., ಪ್ಲಾಸ್ಟಿಕ್ ಸರ್ಜರಿಯ ಎಂಸಿಎಚ್, ಇಲ್ಲವೇ ಬಾಯಿ-ದವಡೆ ಸರ್ಜರಿಯ ಎಂಡಿಎಸ್ ಮಾಡಿ, ಈ ಕೆಲಸದಲ್ಲಿ ಕೈ ಪಳಗಿದವರು. 'ಕಾಸ್ಮೆಟಾಲಜಿಸ್ಟ್' ಎಂಬ ಬೋರ್ಡು ಮಾತ್ರ ಸಾಲದು, ನೋಂದಣಿ ಸಂಖ್ಯೆ ಕೇಳಿ. ಕ್ಲಿನಿಕ್ಕಿಗೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯ ನೋಂದಣಿ ಪತ್ರ ಇರಬೇಕು. ಸಿರಿಂಜಿನ ಡಬ್ಬಿಯನ್ನು ನಿಮ್ಮ ಮುಂದೆಯೇ ಒಡೆಯಬೇಕು. ಅದರ ಮೇಲೆ ಆಮದು ಮಾಡಿದವರ ಹೆಸರು-ವಿಳಾಸ, ಆಮದು ಲೈಸೆನ್ಸ್ ಸಂಖ್ಯೆ, ಬ್ಯಾಚ್ ಸಂಖ್ಯೆ, ಮುಗಿಯುವ ತಾರೀಖು ಓದಿ. ಒಳಗೆ ಬ್ಯಾಚ್ ಸಂಖ್ಯೆಯ ಸಣ್ಣ ಸ್ಟಿಕ್ಕರುಗಳಿರುತ್ತವೆ. ಒಂದನ್ನು ಡಾಕ್ಟರು ತಮ್ಮ ಕಡತಕ್ಕೆ ಅಂಟಿಸಿಕೊಳ್ಳುತ್ತಾರೆ, ಇನ್ನೊಂದನ್ನು ನಿಮ್ಮ ಚೀಟಿಗೆ ಅಂಟಿಸಿಕೊಡಲು ಹೇಳಿ. ವರ್ಷ ಬಿಟ್ಟು ಬೇರೆ ಊರಲ್ಲಿ ತೊಂದರೆಯಾದರೂ ಒಳಗೆ ಏನಿದೆ ಎಂದು ಆ ಸ್ಟಿಕ್ಕರೇ ಹೇಳುತ್ತದೆ. ಹಯಲುರೋನಿಡೇಸ್ ಎಷ್ಟು ಸೀಸೆ ಇದೆ, ತೋರಿಸಿ ಎಂದು ಕೇಳಲು ಸಂಕೋಚ ಬೇಡ. ತಯಾರಿ ಇದ್ದವರು ಫ್ರಿಜ್ಜಿನ ಬಾಗಿಲು ತೆಗೆದು ತೋರಿಸುತ್ತಾರೆ.

ನಿಮಗೆ ನನ್ನ ಸಲಹೆ ಹೀಗಿದೆ. ವಸಡು ನಾಲ್ಕು ಮಿ.ಮೀ. ದಾಟಿ ಕಾಣುತ್ತಿದ್ದರೆ ಮೊದಲು ಹಲ್ಲಿನ ಡಾಕ್ಟರಿಗೆ ತೋರಿಸಿ ಕಾರಣ ತಿಳಿಯಿರಿ. ಸ್ನಾಯುವಿನದೇ ಆದರೆ ಈ ವಾರ-ಮುಂದಿನ ವಾರದೊಳಗೆ ಸಣ್ಣ ಪ್ರಮಾಣದ ಬೊಟುಲಿನಂ ಹಾಕಿಸಿ ಎರಡು ವಾರ ನೋಡಿ. ಎಷ್ಟೋ ಜನರಿಗೆ ನಕ್ಕಾಗ ತುಟಿ ಒಳಗೆ ಹೋಗುವುದು ನಿಂತರೆ ಸಾಕಾಗಿರುತ್ತದೆ, ಫಿಲ್ಲರಿನ ಆಸೆಯೇ ಇಳಿಯುತ್ತದೆ. ಆಮೇಲೂ ಬೇಕೆನಿಸಿದರೆ ಅರ್ಧ ಎಂ.ಎಲ್. ಹಯಲುರೋನಿಕ್ ಆ್ಯಸಿಡ್, ಮದುವೆಗೆ ಆರು ವಾರ ಮೊದಲು. ನಾಲ್ಕು ವಾರಕ್ಕಿಂತ ಹತ್ತಿರ ಬಂದರೆ ಮದುವೆ ಮುಗಿದ ಮೇಲೆ. ಕೊಬ್ಬು, ಕೊಯ್ತ, ಇಂಪ್ಲಾಂಟ್ ಸದ್ಯಕ್ಕೆ ಬೇಡ. ಏನೂ ಮಾಡಿಸದಿದ್ದರೆ ಆರೋಗ್ಯಕ್ಕೆ ಎಳ್ಳಷ್ಟೂ ತೊಂದರೆ ಇಲ್ಲ. ಆದರೆ ಬಾಯಿ ಮುಚ್ಚಿ ನಗುವ ರೂಢಿ ನಿಮ್ಮನ್ನು ಕಾಡುತ್ತಿದ್ದರೆ, ಅದಕ್ಕೆ ಉಪಾಯ ಹುಡುಕುವುದರಲ್ಲಿ ತಪ್ಪೇನೂ ಇಲ್ಲ, ಅವ್ವನಿಗೂ ಇದನ್ನು ಹೇಳಿ.

ನೀರ್ಗುಳ್ಳೆಯ ವಿಷಯ ನೀವು ಬರೆದದ್ದು ಬಹಳ ಒಳ್ಳೆಯದಾಯಿತು. ಅದು ಹರ್ಪಿಸ್ ವೈರಸ್. ಸೂಜಿ ಚುಚ್ಚಿದ ಪೆಟ್ಟಿಗೆ ಮತ್ತೆ ಏಳಬಹುದು. ಗುಳ್ಳೆ ಇರುವಾಗ ಏನನ್ನೂ ಮಾಡಿಸಬಾರದು. ಗುಳ್ಳೆ ಇಲ್ಲದಿದ್ದರೂ ಫಿಲ್ಲರಿಗೆ ಒಂದು ದಿನ ಮೊದಲೇ ವ್ಯಾಲಾಸೈಕ್ಲೊವಿರ್ 500 ಮಿ.ಗ್ರಾಂ. ದಿನಕ್ಕೆರಡು ಸಲದಂತೆ ಶುರು ಮಾಡಿ ಮೂರರಿಂದ ಐದು ದಿನ ಕೊಡುವುದು ರೂಢಿ. ಕಿಡ್ನಿ ತೊಂದರೆ ಇದ್ದರೆ ಪ್ರಮಾಣ ಬದಲಾಗುತ್ತದೆ, ಚೀಟಿ ಬರೆಸಿಕೊಂಡೇ ತಗೊಳ್ಳಿ. ಆಸ್ಪಿರಿನ್, ಐಬುಪ್ರೊಫೆನ್, ಮೀನೆಣ್ಣೆ ಮಾತ್ರೆ, ವಿಟಮಿನ್ ಇ ಒಂದು ವಾರ ಮೊದಲೇ ಬಿಟ್ಟರೆ ನೀಲಿಗಟ್ಟುವುದು ಕಡಿಮೆ. ಹೃದಯದ ಡಾಕ್ಟರು ಕೊಟ್ಟ ಮಾತ್ರೆಯಾದರೆ ಮಾತ್ರ ತಾವಾಗಿ ನಿಲ್ಲಿಸಬೇಡಿ. ಹಲ್ಲು ಸ್ವಚ್ಛ ಮಾಡಿಸುವುದು, ತುಂಬಿಸುವುದು ಫಿಲ್ಲರಿಗೆ ಎರಡು ವಾರ ಹಿಂದೆ ಅಥವಾ ಎರಡು ವಾರ ಮುಂದೆ ಇರಲಿ.

ಹಾಕಿಸಿದ ಮರುದಿನ ಬೆಳಗ್ಗೆ ಕನ್ನಡಿ ನೋಡಿ ಗಾಬರಿಯಾಗಬೇಡಿ, ಬಾವು ಅತಿ ಹೆಚ್ಚು ಇರುವುದೇ ಆಗ. ಎರಡೂ ಕಡೆ ಸಮ ಇಲ್ಲದಿರುವುದೂ ಸಹಜ, ಎರಡು ವಾರ ಬಿಟ್ಟು ತೀರ್ಮಾನಿಸಿ. ಐಸನ್ನು ಬಟ್ಟೆಯಲ್ಲಿ ಸುತ್ತಿ ಹತ್ತತ್ತು ನಿಮಿಷ ಇಡಿ, ತಲೆ ಎತ್ತರಿಸಿ ಮಲಗಿ, ನೋವಿಗೆ ಪ್ಯಾರಾಸಿಟಮಾಲ್ ಸಾಕು. ಒಂದು ದಿನ ಲಿಪ್‌ಸ್ಟಿಕ್ ಬೇಡ, ಎರಡು ದಿನ ಜಿಮ್ಮು, ಒಲೆಯ ಝಳ, ಬಿಸಿಬಿಸಿ ಚಹಾ, ಗಿರಮಿಟ್ಟಿನ ಜೊತೆಯ ಮಿರ್ಚಿ ಬಿಡಿ. ತುಟಿಯನ್ನು ನೀವಾಗಿ ಒತ್ತಿ ತಿಕ್ಕಬೇಡಿ, ಗಂಟು ಸಿಕ್ಕರೆ ಡಾಕ್ಟರೇ ನೀವಿ ಸರಿಮಾಡಲಿ. ಮೊದಲ ದಿನ ರಾತ್ರಿ ಮಲಗುವ ಮುನ್ನ ಒಮ್ಮೆ, ನಡುರಾತ್ರಿ ಎಚ್ಚರವಾದಾಗ ಒಮ್ಮೆ, ತುಟಿಯ ಒಳಮೈ ಒತ್ತಿ ಎರಡು ಸೆಕೆಂಡ್ ಎಣಿಸಿ. ಬಣ್ಣ ಮರಳದಿದ್ದರೆ ಹೊತ್ತು ನೋಡದೆ ಆ ಫೋನ್ ನಂಬರಿಗೆ ಮಾಡಿ, ಬೆಳಕಿನಲ್ಲಿ ಫೋಟೊ ತೆಗೆದು ಕಳಿಸಿ, ಗಾಡಿ ಹತ್ತಿ.